ದೆವ್ವ ಆಡಿದ ಕನ್ನಡ

ಮಿಲ್ಪಿಟಾಸ್, ಕ್ಯಾಲಿಫೋರ್ನಿಯಾ
೧೯ ಅಕ್ಟೋಬರ್ ೧೯೮೬

ಪ್ರೀತಿಯ ಅಕ್ಕಾ,

‘ಕೆಟ್ಟದ್ದು ಹೊಗೆಯಲ್ಲಿ ಬರುತ್ತದೆ, ಒಳ್ಳೆಯದು ಬೆಳಕಿನಲ್ಲಿ…’ ಅಪ್ಪ ಹೀಗೆ ಏನೋ ಹೇಳುತ್ತಿದ್ದರಲ್ಲ, ಮುಂದಿನದು ಮರೆತಿದ್ದೇನೆ. ಆ ಮಾತು ನಿಜವೇ ಎಂದು ನಿನ್ನೆಯಿಂದ ಅನುಮಾನ ಬಂದಿದೆ. ಅದಿರಲಿ, ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯಾ, ಇಲ್ಲಾ ಹಚ್ಚಿಕೊಂಡೆ ಎಂದು ಭಾವನಿಗೆ ಸುಳ್ಳು ಹೇಳುತ್ತಿದ್ದೀಯಾ? ನಾವಿಬ್ಬರೂ ಆರೋಗ್ಯವಾಗಿದ್ದೇವೆ.

ನಮ್ಮ ಮನೆಯ ಹಾಲ್‌ನಲ್ಲಿ ಶನಿವಾರ ನಡೆಸುವ ಕನ್ನಡ ಕ್ಲಾಸಿನ ವಿಷಯ ನಿನಗೆ ಗೊತ್ತಲ್ಲ. ಈಜು, ಪಿಯಾನೊ ಎಂದು ಮಕ್ಕಳು ಒಬ್ಬೊಬ್ಬರಾಗಿ ಬಿಟ್ಟರು. ಉಳಿದವರೂ ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲೇ ಉತ್ತರಿಸುತ್ತಾರೆ. ನಿನ್ನೆಯದೇ ಕೊನೆಯ ಕ್ಲಾಸು ಎಂದು ಮನಸ್ಸಿನಲ್ಲೇ ನಿಶ್ಚಯಿಸಿ, ಮಕ್ಕಳಿಗೊಂದು ಖುಷಿ ಇರಲಿ ಎಂದು ಲೈಬ್ರರಿಯಿಂದ ಪ್ರೊಜೆಕ್ಟರನ್ನೂ ಬಹಳ ಹಳೆಯ ಮೂಕಿ ಚಿತ್ರವೊಂದರ ರೀಲನ್ನೂ ತಂದೆ. ಬಾಲವಿರುವ ದೆವ್ವವೊಂದು ಹೊಗೆಯಾಡುವ ಪಾತ್ರೆಯ ಪಕ್ಕ ನಿಂತು ಚಿಟಿಕೆ ಹೊಡೆದು ಕುರ್ಚಿ, ಮೇಜು, ಮನುಷ್ಯರನ್ನೆಲ್ಲ ಮಾಯ ಮಾಡುತ್ತದೆ. ದೇವತೆ ಬಂದು ಅದನ್ನು ಸುಡುತ್ತಾಳೆ. ಕ್ಯಾಮೆರಾ ನಿಲ್ಲಿಸಿ, ವಸ್ತು ತೆಗೆದು, ಮತ್ತೆ ತಿರುಗಿಸುವ ಕಣ್ಕಟ್ಟು ಅಷ್ಟೆ. ಆದರೆ ನೋಡು, ದೆವ್ವ ಬಂದದ್ದೂ ದೇವತೆ ಬಂದದ್ದೂ ಒಂದೇ ಹೊಗೆಯಿಂದ.

ಚಿತ್ರಕ್ಕೆ ಮಾತಿಲ್ಲವಾದ್ದರಿಂದ ನಾವೇ ಮಾತು ಕೊಟ್ಟೆವು. ನಾನು ದೇವತೆ; ಉಡುಪಿಯ ಗೆಳತಿ ಸರೋಜಿನಿ ದೆವ್ವ. ನಾನು ವಾರವೆಲ್ಲ ಕೂತು, “ಎಲೈ ದುರುಳನೇ, ನಿನ್ನ ಅಂತ್ಯ ಸಮೀಪಿಸಿತು” ಎಂದೆಲ್ಲ ಬರೆದಿದ್ದೆ. ಸರೋಜಿನಿ ಏನನ್ನೂ ಬರೆದಿರಲಿಲ್ಲ. ದೆವ್ವ ಬಾಯಿ ತೆರೆದದ್ದೇ, “ಯಾರು ಮಾರಾಯ್ರೆ ನನ್ನ ಪಾತ್ರೆ ಮುಟ್ಟಿದ್ದು? ಕೈ ತೊಳ್ದಾಯ್ತಾ?”

ಮಕ್ಕಳು ಬಿದ್ದು ಬಿದ್ದು ನಕ್ಕರು. ಒಂದು ದಿನವೂ ಕನ್ನಡದಲ್ಲಿ ತುಟಿ ಬಿಚ್ಚದ, ಪಕ್ಕದ ಮನೆಯ ಹುಡುಗಿ ಇಂದು ಎದ್ದು ನಿಂತು, “ತೊಳೆದಿಲ್ಲ, ಏನ್ ಮಾಡ್ತೀಯಾ?” ಎಂದಳು. ಆಮೇಲೆ ದೆವ್ವದ ಜೊತೆ ಎಲ್ಲರದೂ ಕನ್ನಡದಲ್ಲೇ ಜಗಳ. ನನ್ನ ದೇವತೆಗೆ ಒಬ್ಬರೂ ಉತ್ತರ ಕೊಡಲಿಲ್ಲ. ಅವಳು ದೆವ್ವವನ್ನು ಸುಟ್ಟಾಗ ನನ್ನ ಮೇಲೇ ಮುನಿಸಿಕೊಂಡರು. ರೀಲನ್ನು ಹಿಂದಕ್ಕೆ ಓಡಿಸಿದೆ, ಬೂದಿಯಿಂದ ದೆವ್ವ ಎದ್ದು ಬಂತು. ಆಗ ಬಿದ್ದ ಚಪ್ಪಾಳೆಯನ್ನು ನೀನು ಕೇಳಬೇಕಿತ್ತು.

ಮನೆಮನೆಯಲ್ಲಿ ಅಮ್ಮಂದಿರು ಆಡುವ ಕನ್ನಡವನ್ನೆಲ್ಲ ದೆವ್ವಕ್ಕೆ ಬಿಟ್ಟುಕೊಟ್ಟು, ಯಾರೂ ಆಡದ್ದನ್ನು ಒಳ್ಳೆಯವಳ ಬಾಯಿಗೆ ತುರುಕಿದ್ದೆ. ಎಂ.ಎ. ಓದಿದವಳ ಬುದ್ಧಿ. ಆದರೂ ರಾತ್ರಿ ಸುಖವಾಗಿ ನಿದ್ದೆ ಬಂತು.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಮುದ್ದು.

ನಿನ್ನ ತಂಗಿ
ಶೈಲಜಾ

ಇನ್ನೊಂದು ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಇಂದುವಿನ ತಾಯಿ ರಮಾ ಬಂದಳು. ಒಳಗೆ ಬಾ ಎಂದರೂ ಬಾಗಿಲಲ್ಲೇ ನಿಂತು ಹೇಳಿದಳು: “ಬೆಳಗ್ಗೆಯಿಂದ ನಂಗೆ ಕನ್ನಡದಲ್ಲೇ ಮಂಗಳಾರತಿ ಮಾಡ್ತಿದಾಳೆ ರೀ. ಮುಂದಿನ ಶನಿವಾರ ಎಷ್ಟು ಗಂಟೆಗೆ ಕಳಿಸ್ಲಿ?”