ಮಣ್ಣಿಗೆ ಹೋದ ಗಡ್ಡೆ, ಕಪಾಟಿನಲ್ಲಿ ಉಳಿದ ಮೇಣದ ಅಚ್ಚು

ಉಚಿತ ಕ್ಯಾನ್ಸರ್ ಚಿಕಿತ್ಸೆಯ ಅರ್ಜಿಗಳನ್ನು ಒಪ್ಪಲೆಂದು ನೇಮಕಗೊಂಡು, ಹಿಂದಿರುಗಿಸುವುದರಲ್ಲಿ ನಿಷ್ಣಾತರಾಗಿರುವ ಮಾನ್ಯ ಅಧಿಕಾರಿಗಳೇ,

ನಾನು ಚಿಕ್ಕಬೋರೇಗೌಡರ ಮಗಳು ಪುಟ್ಟತಾಯಮ್ಮ. ಅರಕೆರೆ ಮತ್ತು ಚಿನಕುರಳಿಯ ಸರ್ಕಾರಿ ಶಾಲೆಗಳಲ್ಲಿ ಮೂವತ್ತಾರು ವರ್ಷ ಎರಡು ತಿಂಗಳು ವಿಜ್ಞಾನ ಕಲಿಸಿ ನಿವೃತ್ತಳಾದವಳು. ನನ್ನ ಹಳೆಯ ವಿದ್ಯಾರ್ಥಿನಿ, ಶ್ರೀರಂಗಪಟ್ಟಣದಲ್ಲಿ ಬಟ್ಟೆ ಹೊಲಿದು ಬದುಕುವ ಶಮ್ಸುನ್ನೀಸಾಳ ಅರ್ಜಿಯನ್ನು ತಾವು ಮೂರನೆಯ ಬಾರಿ ಹಿಂದಿರುಗಿಸಿದ್ದೀರಿ. ಕಾರಣ ಒಂದೇ ಸಾಲು: "ಶಸ್ತ್ರಚಿಕಿತ್ಸೆಯ ಮಾದರಿ ಲಭ್ಯವಿಲ್ಲ." ಮಾದರಿಯೆಂದರೆ ಆಕೆಯ ದೇಹದಿಂದ ತೆಗೆದ ಗಡ್ಡೆ; ಅದು ಏಕೆ ಲಭ್ಯವಿಲ್ಲವೆಂದು ತಾವು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ಮಲದಲ್ಲಿ ರಕ್ತ ಬೀಳುತ್ತಿದ್ದುದನ್ನು ಮೂಲವ್ಯಾಧಿಯೆಂದುಕೊಂಡು ಆಕೆ ಎರಡು ವರ್ಷ ಮುಚ್ಚಿಟ್ಟಳು. ಕಳೆದ ಫೆಬ್ರವರಿಯಲ್ಲಿ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ದೊಡ್ಡ ಕರುಳಿನ ಗಡ್ಡೆಯನ್ನು ತೆಗೆದರು. ನಾನೂ ಅಲ್ಲಿದ್ದೆ. ನರ್ಸು ಗಡ್ಡೆಯಿದ್ದ ಡಬ್ಬಿಯನ್ನೂ ಒಂದು ಚೀಟಿಯನ್ನೂ ಆಕೆಯ ಗಂಡ ಅಬ್ದುಲ್ ವಾಹಿದರ ಕೈಗಿತ್ತು, ಏನು ಮಾಡಬೇಕೆಂದು ಹೇಳದೆ ಒಳಹೋದರು. ಚೀಟಿ ಇಂಗ್ಲಿಷಿನಲ್ಲಿತ್ತು.

"ಟೀಚ್ರಮ್ಮ, ಏನ್ ಬರ್ದವ್ರೆ ವಸಿ ನೋಡಿ."

ನೋಡಿದೆ. ವೈದ್ಯರ ಓಡುಬರಹ. ಹೆಸರು, ತಾರೀಖು ಬಿಟ್ಟರೆ ಒಂದಕ್ಷರವೂ ತಿಳಿಯಲಿಲ್ಲ. ಸಾವಿರಾರು ಮಕ್ಕಳ ತಪ್ಪು ತಿದ್ದಿದವಳಿಗೆ "ತಿಳಿಯುತ್ತಿಲ್ಲ" ಎನ್ನಲು ನಾಲಗೆ ಏಳಲಿಲ್ಲ. "ಹೆಸರು, ತಾರೀಖು, ಅಷ್ಟೆ" ಎಂದೆ.

"ಅಂಗಾರೆ ಮಣ್ಣು ಮಾಡ್ಬುಡ್ತೀನಿ. ಮೈಯಿಂದ ಬ್ಯಾರೆ ಆದುದ್ನ ನಮ್ಮಲ್ಲಿ ಕಸಕ್ಕೆ ಆಕಂಗಿಲ್ಲ."

"ನಿಮ್ಮ ಪದ್ಧತಿಯಂತೆ ಮಾಡಿ" ಎಂದವಳೂ ನಾನೇ. ಅವರು ಅದನ್ನು ಬಿಳಿಬಟ್ಟೆಯಲ್ಲಿ ಸುತ್ತಿ, ಖಬರಸ್ತಾನದಲ್ಲಿ ಶ್ರದ್ಧೆಯಿಂದ ಹೂತು ಬಂದರು. ಪ್ರಯೋಗಾಲಯಕ್ಕೆ ಹೋಗಬೇಕಿದ್ದ ಗಡ್ಡೆ ಹೀಗೆ ಮಣ್ಣಿಗೆ ಹೋಯಿತು.

ಈಗ ರೋಗ ಯಕೃತ್ತಿಗೆ ಹರಡಿದೆ. ಔಷಧಿ ಆರಿಸುವ ಮುನ್ನ ಗಡ್ಡೆಯ ಪರೀಕ್ಷೆ ಆಗಲೇಬೇಕೆಂದು ವೈದ್ಯರು ಬರೆದಿದ್ದಾರೆ. ಏಕೆಂಬುದನ್ನು ಏಳನೆಯ ತರಗತಿಗೆ ಹೇಳುವಂತೆ ಹೇಳುತ್ತೇನೆ, ಮುನಿಯಬೇಡಿ. ದೇಹದಲ್ಲಿ ಬೆಳವಣಿಗೆಯ ಪ್ರೇರಕಗಳೆಂಬ ವಸ್ತುಗಳಿವೆ. ಅವು ಶಾಲೆಯ ಗಂಟೆಯಂತೆ. ಜೀವಕೋಶದ ಹೊರಮೈಯ ಗ್ರಾಹಿಗಳು ಅದನ್ನು ಆಲಿಸುವ ಕಿವಿಗಳು. ಗಂಟೆ ಕೇಳಿದರೆ ಕೋಶ ಬೆಳೆದು ಎರಡಾಗುತ್ತದೆ, ನಿಂತರೆ ಸುಮ್ಮನಾಗುತ್ತದೆ. ಈ ಕ್ಯಾನ್ಸರು ಮುಂದುವರಿದ ಹಲವರಲ್ಲಿ ಗಂಟೆಯ ಸದ್ದೂ ಹೆಚ್ಚು, ಕಿವಿಗಳೂ ಹೆಚ್ಚು. ರೋಗ ಎಷ್ಟು ದೂರ ನಡೆದಿದೆಯೆಂಬುದಕ್ಕೆ ತಜ್ಞರು ಇವುಗಳಲ್ಲಿ ಗುರುತು ಹುಡುಕುವುದು ಅದಕ್ಕೇ. ಆ ಕಿವಿ ಮುಚ್ಚುವ ಔಷಧಿಯೂ ಇದೆ. ಆದರೆ ಕೆಲವರಲ್ಲಿ ಕಿವಿಯಿಂದ ಒಳಹೋಗುವ ತಂತಿಯೇ ಕೆಟ್ಟಿರುತ್ತದೆ. ಗಂಟೆ ಬಾರಿಸದಿದ್ದರೂ ಕೋಶ ಬೆಳೆಯುತ್ತಲೇ ಇರುತ್ತದೆ; ಅಂಥವರಿಗೆ ಆ ಔಷಧಿ ವ್ಯರ್ಥ. ಶಮ್ಸುನ್ನೀಸಾ ಯಾವ ಗುಂಪಿಗೆ ಸೇರಿದವಳು? ಅದನ್ನು ಆಕೆಯ ಗಡ್ಡೆಯೇ ಹೇಳಬೇಕು.

ಹೇಳಬಲ್ಲ ಚೂರೊಂದು ಉಳಿದಿದೆ, ಮಾನ್ಯರೇ! ಶಸ್ತ್ರಚಿಕಿತ್ಸೆಗೆ ಮೊದಲು ಕರುಳಿಗೆ ಕೊಳವೆ ತೂರಿಸಿ ತೆಗೆದ ಚೂರು ಮೇಣದ ಅಚ್ಚಿನಲ್ಲಿ ಭದ್ರವಾಗಿ ಒಂದು ಪ್ರಯೋಗಾಲಯದ ಕಪಾಟಿನಲ್ಲಿದೆ. ಪರೀಕ್ಷೆಗೆ ಅದು ಸಾಕೆಂದು ವೈದ್ಯರೂ ಬರೆದುಕೊಟ್ಟಿದ್ದಾರೆ. ತಮ್ಮ ಪತ್ರವಿಲ್ಲದೆ ಪ್ರಯೋಗಾಲಯ ಅಚ್ಚು ಕೊಡದು. ಹೂತುಹೋದ ಗಡ್ಡೆಯನ್ನು ಕಾಣದೆ ತಾವು ಪತ್ರ ಕೊಡುವುದಿಲ್ಲ. ನಿಯಮವು ರೋಗಿಗಾಗಿಯೋ, ಕಡತಕ್ಕಾಗಿಯೋ?

ತಮ್ಮ ಕಚೇರಿಯ ಗುಮಾಸ್ತರು ನಗುತ್ತ, "ಊತಿದ್ರೆ ಅಗ್ದು ತಗಂಬನ್ನಿ" ಎಂದರು. ಅವರಿಗದು ತಮಾಷೆ. ವಾಹಿದರು ನಂಬಿದರು. ಮರುದಿನ ಬೆಳಿಗ್ಗೆ ಗುದ್ದಲಿ ಹಿಡಿದು ನನ್ನ ಬಾಗಿಲಲ್ಲಿ ನಿಂತಿದ್ದರು. "ಅಗೀಲಾ ಟೀಚ್ರಮ್ಮ?" ಐದು ತಿಂಗಳಾದ ಮೇಲೆ ಅಲ್ಲಿ ಏನು ಉಳಿದಿರುತ್ತದೆಂದು ಆ ಮನುಷ್ಯನಿಗೆ ನಾನು ಹೇಗೆ ಹೇಳಲಿ? ಬೇಡವೆಂದಷ್ಟೇ ಹೇಳಿ ಹಿಂದೆ ಕಳುಹಿಸಿದೆ. ಈ ಸಂಗತಿ ಕೇಳಿ ಶಮ್ಸುನ್ನೀಸಾ ಹಾಸಿಗೆಯಿಂದಲೇ ನಕ್ಕಳು: "ಬುಡಿ ಮಿಸ್, ಬಸ್ಸಿನ ಸೀಟ್ಗೆ ಟವಲ್ ಆಕ್ದಂಗೆ ನನ್ ಕರುಳು ಮುಂಚೇನೇ ಓಗಿ ಜಾಗ ಇಡ್ದದೆ."

ಬರುವ ಹದಿನಾಲ್ಕನೆಯ ತಾರೀಖಿನವರೆಗೆ ಮಾತ್ರ ಕಾಯಬಹುದೆಂದು ವೈದ್ಯರು ಹೇಳಿದ್ದಾರೆ. ಅದರೊಳಗೆ ಆ ಮೇಣದ ಅಚ್ಚನ್ನು ಪರೀಕ್ಷೆಗೆ ಬಿಡುಗಡೆ ಮಾಡುವ ಪತ್ರಕ್ಕೆ ಸಹಿ ಹಾಕಿ. ಬೇರೇನನ್ನೂ ನಾನು ಬೇಡುತ್ತಿಲ್ಲ. ತಪ್ಪು ನನ್ನದೆಂದು ಊರಿಗೆಲ್ಲ ಕೇಳುವಂತೆ ಇಲ್ಲಿ ಬರೆದಿದ್ದೇನೆ. ಶಿಕ್ಷೆಯನ್ನು ಅವಳಿಗೆ ವಿಧಿಸಬೇಡಿ.

ಇಂತಿ,
ಗೊತ್ತಿಲ್ಲದುದನ್ನು ಗೊತ್ತಿಲ್ಲ ಎನ್ನಲು ಎಪ್ಪತ್ತನೆಯ ವಯಸ್ಸಿನಲ್ಲಿ ಕಲಿತ
ಪುಟ್ಟತಾಯಮ್ಮ, ನಿವೃತ್ತ ಶಿಕ್ಷಕಿ

ಲಗತ್ತುಗಳು:
ಒಂದು, ಹಿಂದಿರುಗಿದ ಮೂರು ಅರ್ಜಿಗಳು.
ಎರಡು, ಮೇಣದ ಅಚ್ಚು ಪರೀಕ್ಷೆಗೆ ಸಾಕೆಂಬ ವೈದ್ಯರ ಪತ್ರ.
ಮೂರು, ಡಬ್ಬಿಯೊಡನೆ ಕೊಟ್ಟ ಚೀಟಿ. ವೈದ್ಯರಿಂದ ಓದಿಸಿ, ಅದರ ಅರ್ಥವನ್ನು ಕೆಂಪು ಶಾಯಿಯಲ್ಲಿ ನಾನೇ ಕೆಳಗೆ ಬರೆದಿದ್ದೇನೆ: "ಇದನ್ನು ಇಂದೇ ಪ್ರಯೋಗಾಲಯಕ್ಕೆ ತಲುಪಿಸಿ."