ಏಳು ದೇಶಗಳು ಬಾಗಿಲು ಹಾಕಿದ ಮಧ್ಯಾಹ್ನ

ಒಟ್ಟಾವಾ,
ಅಕ್ಟೋಬರ್ ೨೧

ಪ್ರೀತಿಯ ಬ್ರಿಯೋನಿ,

ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟಕ್ಕೂ ಬರಲಿಲ್ಲ, ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯಲಿಲ್ಲ. ಬೈಯುವುದಿದ್ದರೆ ಮೊದಲು ಬೈದುಬಿಡು, ಆಮೇಲೆ ಓದು. ನಾವು ಗೆದ್ದೆವು ಮಗಳೇ.

ಆ ಪುಟ್ಟ ದೇಶದ ಬಂದರನ್ನು ಅದರ ದೊಡ್ಡ ನೆರೆಯವನು ಮುಚ್ಚಿಸಿ ಕೂತಿದ್ದು ನಿನಗೆ ಗೊತ್ತೇ ಇದೆ. ಒಳಗೆ ಗೋಧಿಯಿಲ್ಲ, ಮಕ್ಕಳಿಗೆ ಔಷಧಿಯಿಲ್ಲ. ಆ ಬಂದರು ತೆರೆಯುವವರೆಗೆ ಅವನ ಹಡಗುಗಳಿಗೆ ನಮ್ಮ ಕೂಟದ ಏಳೂ ದೇಶಗಳ ಬಂದರುಗಳಲ್ಲಿ ಜಾಗವಿಲ್ಲ ಎಂದು ನಾನೇ ಒಂದು ಪುಟ ಬರೆದೆ. ಒಬ್ಬರು ಹಿಂದೆ ಸರಿದರೂ ಅವನು ಸೀದಾ ಅಲ್ಲಿಗೆ ಹೋಗುತ್ತಿದ್ದ, ಉಳಿದ ಆರು ಜನರ ಮಾತು ಗಾಳಿಗೆ ಹೋಗುತ್ತಿತ್ತು.

"ನಿಮ್ಮದು ಫೋಟೊ ತೆಗೆಸ್ಕೊಳ್ಳೋ ಸಂಘ ಕಣಮ್ಮ, ಒಂದು ಬೋರ್ಡಾದ್ರೂ ಇದ್ಯಾ?" ಎಂದು ಆಡಿಕೊಳ್ಳುತ್ತೀಯಲ್ಲ. ಇಲ್ಲ, ಬೋರ್ಡಿಲ್ಲ, ಕಾಯ್ದೆಯಿಲ್ಲ, ಸಹಿ ಕೂಡ ಇಲ್ಲ. ನಾಯಕರು ಕೂರುವ ಮೊದಲೇ ಕೂತು ಮಾತು ಹದ ಮಾಡುವ ನಾವು ಏಳು ಜನ ಶೆರ್ಪಾಗಳಿದ್ದೇವೆ, ನಮ್ಮದೊಂದು ಪದ್ಧತಿಯಿದೆ. ಕರಡು ಕಳಿಸಿ ಗಡುವು ಹೇಳುತ್ತೇವೆ. ಅಷ್ಟರೊಳಗೆ ಯಾರೂ ತಕರಾರು ಬರೆಯದಿದ್ದರೆ ಎಲ್ಲರೂ ಒಪ್ಪಿದಂತೆ.

ಗಡುವು ಈ ತಿಂಗಳ ಎಂಟರ ಮಧ್ಯಾಹ್ನ ಹನ್ನೆರಡಕ್ಕಿತ್ತು. ಬರ್ಲಿನ್ನಿನಿಂದ ತಕರಾರು ಖಂಡಿತ ಎಂದು ಎಲ್ಲರೂ ಹೇಳುತ್ತಿದ್ದರು. ಅಲ್ಲಿಯ ಶೆರ್ಪಾ ನಮ್ಮ ಡೆಟ್ಲೆಫ್, ನಿನಗೆ ಸ್ಕೇಟಿಂಗ್ ಕಲಿಸಿದವನು. ಕೊನೆಯ ಹತ್ತು ನಿಮಿಷ ಪ್ಯಾರಿಸ್ಸಿನ ಶೆರ್ಪಾ ಆರ್ಮೆಲ್ ನನ್ನ ಜೊತೆ ಫೋನಿನಲ್ಲೇ ಇದ್ದಳು. ಹನ್ನೆರಡು ಹೊಡೆಯಿತು. ಎಲ್ಲಿಂದಲೂ ಒಂದು ಸಾಲೂ ಬರಲಿಲ್ಲ.

"ಇನ್ನು ಉಸಿರಾಡ್ಬಹುದು ಕಣೇ," ಎಂದಳು ಆರ್ಮೆಲ್.

ಅದಾದ ಒಂಬತ್ತನೆಯ ದಿನ ಬಂದರು ತೆರೆಯಿತು. ಒಂದು ಗುಂಡೂ ಹಾರಲಿಲ್ಲ. ಮೊದಲ ಗೋಧಿ ಹಡಗು ಒಳಗೆ ಹೋಗುವುದನ್ನು ಟಿವಿಯಲ್ಲಿ ನೋಡುತ್ತಾ, ಕಚೇರಿಯವರೆಲ್ಲರ ಎದುರಿಗೆ ಗೊಳೋ ಎಂದು ಅತ್ತೆ. ಈ ಕೆಲಸಕ್ಕೆ ಸೇರಿದಾಗಿನಿಂದ ಇಷ್ಟು ಹೆಮ್ಮೆಪಟ್ಟಿದ್ದು ನೆನಪಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನ ತರಗತಿಯ ತರಲೆಗಳನ್ನೂ ನಿನ್ನನ್ನೂ ದೇವರು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಜುಡಿತ್

ತಾ.ಕ.: ಅಂದು ಹನ್ನೊಂದೂವರೆಗೆ ಡೆಟ್ಲೆಫ್ ಫೋನ್ ಮಾಡಿದ್ದ. ತಕರಾರು ಬರೆ ಎಂದು ಅವನಿಗೆ ಮೇಲಿನಿಂದ ಅಪ್ಪಣೆಯಾಗಿತ್ತು. "ಬರೀಬೇಡ," ಎಂದೆ. ಅವನು, "ಇಪ್ಪತ್ತು ವರ್ಷದಲ್ಲಿ ನೀನು ನನ್ನ ಹತ್ರ ಏನಾದ್ರೂ ಕೇಳಿದ್ದು ಇದೇ ಮೊದಲು," ಎಂದ. ಮೊನ್ನೆ ಅವನನ್ನು ಕೆಲಸದಿಂದ ತೆಗೆದರು. ಹೀಗಾಗುತ್ತದೆಂದು ಕೇಳುವಾಗಲೇ ನನಗೆ ಗೊತ್ತಿತ್ತು. ನಾನು ಮಾಡಿದರೆ ಫೋನ್ ಎತ್ತುತ್ತಿಲ್ಲ. ನೀನೊಮ್ಮೆ ಮಾಡು. ಊಟ ಆಯಿತಾ ಎಂದಷ್ಟೇ ಕೇಳು, ನಾನು ಹೇಳಿದೆ ಅನ್ನಬೇಡ.