ಜೇಬಿಗಿಳಿದ ಕೈ

ಪ್ಯಾರಿಸ್, ಗುರುವಾರ

ನನ್ನ ಗಂಡ ಗೂಲ್ವೆನನಿಗೆ,

ಇವತ್ತು ಮೆಟ್ರೋದ ನೂಕುನುಗ್ಗಲಿನಲ್ಲಿ ನನ್ನ ಕೋಟಿನ ಜೇಬಿಗೆ ಒಂದು ಕೈ ಇಳಿಯಿತು. ಮೀನು ಹಿಡಿದು ಬಂದು ದೋಣಿ ಇಳಿದವನೇ ನೀನು ಚಳಿಗೆ ಮರಗಟ್ಟಿದ ಕೈಯನ್ನು ನನ್ನ ಜೇಬಿಗೆ ತುರುಕುತ್ತೀಯಲ್ಲ, ಅದೇ ಅಭ್ಯಾಸದಲ್ಲಿ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟೆ.

"ಬಿಡಮ್ಮಾ ತಾಯಿ, ಕೈ ನಂದು!" ಎಂದು ಜೇಬುಗಳ್ಳ ಪಿಸುಗುಟ್ಟಿದ.

ಪಕ್ಕದ ಮುದುಕಿ ಕಿಸಕ್ಕನೆ ನಕ್ಕಳು: "ಕಳ್ಳನ್ನ ಹಿಡ್ದಿದ್ದೀಯೋ, ಮದುವೆಗೆ ಹೊರಟಿದ್ದೀಯೋ?"

ದುಡ್ಡು ಹೋಗಿಲ್ಲ, ನಿನ್ನಮ್ಮ ಲಂಗದೊಳಗೆ ಹೊಲಿದುಕೊಟ್ಟ ಚೀಲದಲ್ಲೇ ಇದೆ. ನನ್ನ ಕೆಮ್ಮು ಕಡಿಮೆಯಾಗಿದೆ. ತಂಗಿಯ ಬಾಣಂತನ ಮುಗಿದ ಕೂಡಲೇ ರೈಲು ಹತ್ತುತ್ತೇನೆ. ಈ ಅಂಚೆ ಕಾರ್ಡಿನಲ್ಲಿ ಜಾಗವಿಲ್ಲ, ಇಷ್ಟು ಹೇಳಿ ಮುಗಿಸುತ್ತೇನೆ.

ಆ ಕೈ ಬೆಚ್ಚಗಿತ್ತು. ನಿನ್ನದಲ್ಲವೆಂದು ಗೊತ್ತಾದದ್ದೇ ಅದರಿಂದ. ಆದರೂ ನಿಲ್ದಾಣ ಬರುವವರೆಗೂ ಬಿಡಲಿಲ್ಲ.

ಅಜೆನೋರ್